ಖಾನಾವಳಿಯ ಬಾಗಿಲಲ್ಲಿ ಸುರಿದ ಕಸ

ಆಕೆ ಸಭೆಯಲ್ಲಿ ಎದ್ದು ನಿಂತರೆಂದರೆ ನಾನು ಪೆನ್ನು ಕೆಳಗಿಡುತ್ತಿದ್ದೆ. ಬರೆದು ಪೂರೈಸುವ ವೇಗದ ಮಾತಲ್ಲ ಅದು. ನಮ್ಮ ಪುರಸಭೆಯ ಸಭೆಗಳ ನಡಾವಳಿ ಬರೆಯುವ ಗುಮಾಸ್ತ ನಾನು. ಸದಸ್ಯರು ಎಷ್ಟೇ ಕೂಗಾಡಲಿ, ಮೇಜು ಗುದ್ದಲಿ, ಕೊನೆಗೆ ನನ್ನ ಕೈಯಲ್ಲಿ ಅದೆಲ್ಲ "ವಿಷಯದ ಬಗ್ಗೆ ಸುದೀರ್ಘವಾಗಿ ಚರ್ಚಿಸಲಾಯಿತು" ಎಂಬ ಒಂದು ಸಾಲಿಗೆ ಇಳಿಯುತ್ತಿತ್ತು. ಆಕೆ ಆರಿಸಿ ಬಂದ ಹೊಸತರಲ್ಲಿ, ಹಿಂದಿನ ಸಭೆಯ ಆ ಸಾಲನ್ನು ಓದುತ್ತಿದ್ದಾಗ ಕೈ ಎತ್ತಿ ನಿಲ್ಲಿಸಿದರು.

"ತಡಿಯಪಾ ತಮ್ಮಾ. ಚರ್ಚಿ ಯಾರು ಮಾಡಿದ್ರು? ನಾ ಜಗಳ ಮಾಡೀನಿ. ಜಗಳ ಅಂತ ಬರಿ."

"ಅಕ್ಕಾರ, ಸರ್ಕಾರಿ ಕಾಗದದಾಗ ಹಂಗ ಬರಿಯಾಕ ಬರೂದಿಲ್ರಿ."

"ಯಾಕ ಬರೂದಿಲ್ಲ? ನಾಳೆ ನಮ್ಮ ವಾರ್ಡಿನ ಮಂದಿ ಇದನ್ನ ಓದಿದ್ರ, ಇಕಿ ಹೋಗಿ ಚಾ ಕುಡುದು ಎದ್ದು ಬಂದಾಳ ಅಂತ ತಿಳ್ಕೋತಾರ."

ಸಭೆಯೆಲ್ಲ ನಕ್ಕಿತು. ಆಕೆ ನಗಲಿಲ್ಲ. ನಾನು ಕೊನೆಗೆ "ಸದಸ್ಯರು ತೀವ್ರವಾಗಿ ಆಕ್ಷೇಪಿಸಿದರು" ಎಂದು ತಿದ್ದಿದೆ. ಓದಿಸಿಕೊಂಡು ಕೇಳಿ, "ಹ್ಞೂಂ, ಜಗಳದ ವಾಸನಿ ಬರಾಕತ್ತೈತಿ, ಇರಲಿ" ಎಂದು ಕುಳಿತರು.

ಹೆಸರು ಇಲ್ಲಿ ಬರೆಯುತ್ತಿಲ್ಲ. ಊರಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಯೂ ಇಲ್ಲ. ಬಸ್ ಸ್ಟ್ಯಾಂಡಿನ ಹಿಂದೆ ಅವರದೊಂದು ಖಾನಾವಳಿ. ಬಿಸಿ ರೊಟ್ಟಿ, ಎಣ್ಣೆಗಾಯಿ, ಕೆಂಪು ಚಟ್ನಿ. ಕುಷ್ಟಗಿಗೆ ಹೋಗುವವರು, ಕನಕಗಿರಿಯಿಂದ ಬರುವವರು, ಲಾರಿಯವರು, ಕಚೇರಿಯವರು, ಎಲ್ಲರಿಗೂ ಆಕೆ ಖಾನಾವಳಿ ಅಕ್ಕ. ಲಾರಿ ಓಡಿಸುತ್ತಿದ್ದ ಗಂಡ ತೀರಿಕೊಂಡ ಮೇಲೆ ಒಬ್ಬರೇ ಕಟ್ಟಿ ನಿಲ್ಲಿಸಿದ ಬದುಕು. ವಾರ್ಡು ಮಹಿಳೆಯರಿಗೆ ಮೀಸಲಾದಾಗ, ಆಕೆಯನ್ನು ಗೆಲ್ಲಿಸಿದರೆ ಆಡಳಿತ ಮೈದುನ ನಡೆಸುತ್ತಾನೆ ಎಂದು ಲೆಕ್ಕ ಹಾಕಿ ಪಕ್ಷದವರು ಟಿಕೆಟ್ ಕೊಟ್ಟಿದ್ದರು. ಮೊದಲ ಸಭೆಗೆ ಮೈದುನ ಬಿಳಿ ಬಟ್ಟೆ ತೊಟ್ಟು ಬಂದು ಆಕೆಯ ಕುರ್ಚಿಯಲ್ಲಿಯೇ ಕುಳಿತಿದ್ದ. ಆಕೆ ಬಾಗಿಲಲ್ಲಿ ನಿಂತು ನೋಡಿದರು.

"ಮೈದುನಾ, ಖಾನಾವಳ್ಯಾಗ ರೊಟ್ಟಿ ಬಡಿಯಾಕ ಮಂದಿ ಕಡಿಮಿ ಅದಾರ. ನೀ ಆ ಕಡೆ ಹೋಗು. ಈ ಕಡೆ ನಾ ನೋಡ್ಕೋತೀನಿ."

ಆತ ಎದ್ದು ಹೋದ. ಮತ್ತೆ ಪುರಸಭೆಯ ಮೆಟ್ಟಿಲು ಹತ್ತಲಿಲ್ಲ.

ಸಂತರ ಹಾಗೆ ಅವರನ್ನು ಚಿತ್ರಿಸಿದರೆ ಅವರೇ ನನ್ನನ್ನು ಹಿಡಿದು ಬೈದಾರು. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಹೊಗಳಿಕೆ ಬಹಳ ಸೇರುತ್ತಿತ್ತು. ಪತ್ರಿಕೆಯಲ್ಲಿ ಫೋಟೋ ಬಂದರೆ ಅದನ್ನು ಕತ್ತರಿಸಿ ಖಾನಾವಳಿಯ ಗಲ್ಲಾಪೆಟ್ಟಿಗೆಯ ಮೇಲೆ ಅಂಟಿಸುತ್ತಿದ್ದರು. ಉಣ್ಣಲು ಬಂದವರು ನೋಡದೆ ಹೋದರೆ, "ಪೇಪರ್ ಓದೂದಿಲ್ಲೇನು ನೀವು?" ಎಂದು ಕೇಳಿಯೇ ಬಿಡುತ್ತಿದ್ದರು.

ಅವರ ವಾರ್ಡಿನ ಅಂಚಿಗೆ ಒಂದು ಹಳ್ಳವಿದೆ. ಊರ ಕಸವನ್ನೆಲ್ಲ ಟ್ರ್ಯಾಕ್ಟರಿನಲ್ಲಿ ತಂದು ಅಲ್ಲಿ ಸುರಿಯುವುದು ನಾನು ಮುನಿರಾಬಾದಿನಿಂದ ಈ ಊರಿಗೆ ನೌಕರಿಗೆ ಬರುವ ಮೊದಲಿನಿಂದಲೂ ನಡೆದು ಬಂದಿತ್ತು. ಸುರಿದದ್ದಕ್ಕೆ ಬೆಂಕಿ ಹಚ್ಚುತ್ತಿದ್ದರು. ಪ್ಲಾಸ್ಟಿಕ್ ಸುಟ್ಟ ಹೊಗೆ ತಗ್ಗಿನಲ್ಲಿಯೇ ತೆವಳುತ್ತ ಹಳ್ಳದ ದಂಡೆಯ ಅಂಗನವಾಡಿಗೆ ನುಗ್ಗುತ್ತಿತ್ತು. ಪುರಸಭೆಯ ಕಾಂಪೌಂಡಿನ ಮೇಲೆ ಮಾತ್ರ ದೊಡ್ಡಕ್ಷರದಲ್ಲಿ "ಕಸದಿಂದ ರಸ" ಎಂದು ಬರೆಸಿದ್ದೆವು. "ಗ್ವಾಡಿ ಮ್ಯಾಲ ರಸ ಐತಿ, ಗ್ವಾಡಿ ಬುಡಕ್ಕ ಕಸ ಐತಿ" ಎಂದು ಆಕೆ ಬಂದಾಗಲೆಲ್ಲ ಅನ್ನುತ್ತಿದ್ದರು.

ಹಳ್ಳದ ವಿಷಯ ಪ್ರತಿ ಸಭೆಯಲ್ಲೂ ಎತ್ತಿದರು. ಪ್ರತಿ ಸಭೆಯಲ್ಲೂ ಅದು ಮುಂದಕ್ಕೆ ಹೋಯಿತು. ಒಂದು ಸಲ ಪರಿಸರ ದಿನ ಬಂತು. ಅವತ್ತಿನ ವಿಶೇಷ ಸಭೆಯನ್ನು ಅಂಗನವಾಡಿಯಲ್ಲಿ ಇಟ್ಟುಕೊಳ್ಳೋಣ, ಗಿಡ ಹಚ್ಚೋಣ, ಊಟ ತನ್ನದೇ ಎಂದರು. ಖಾನಾವಳಿಯ ಊಟವೆಂದ ಮೇಲೆ ಯಾರು ಬೇಡವೆನ್ನುತ್ತಾರೆ? ಸದಸ್ಯರೆಲ್ಲ ಬಂದರು. ಮಕ್ಕಳ ಪುಟ್ಟ ಚಾಪೆಗಳ ಮೇಲೆ ಮಂಡಿ ಮಡಚಿ ಕುಳಿತರು. ಹಳ್ಳದಲ್ಲಿ ಎಂದಿನಂತೆ ಕಸ ಉರಿಯುತ್ತಿತ್ತು. ಅಧ್ಯಕ್ಷರ ಭಾಷಣ ಮುಗಿಯುವ ಮೊದಲೇ ಕೆಮ್ಮು ಶುರುವಾಯಿತು. ಒಬ್ಬರು ಕರವಸ್ತ್ರ ಹಿಡಿದರು, ಇನ್ನೊಬ್ಬರು ಹೊರಗೆ ಹೊರಟರು. ಆಕೆ ಬಾಗಿಲಿಗೆ ಅಡ್ಡ ನಿಂತರು.

"ಕುಂದರ್ರಿ. ಕೂಸುಗಳು ಮುಂಜಾನಿಂದ ಇಲ್ಲೇ ಕುಂದ್ರತಾವ. ನಿಮಗ ಒಂದು ಭಾಷಣ ಮುಗಿಯೂತನಕ ಕುಂದ್ರಾಕ ಆಗೂದಿಲ್ಲೇನು?"

ಹೊರಟವರು ಮರಳಿ ಚಾಪೆಯ ಮೇಲೆ ಕುಳಿತರು. ಹಿಂದಿನ ಸಾಲಿನಲ್ಲಿ ಒಂದು ಮಗು ಕೆಮ್ಮಿತು. ಬೆಂಕಿ ಹಚ್ಚುವುದು ನಿಲ್ಲಬೇಕು, ಹಳ್ಳಕ್ಕೆ ಕಸ ಸುರಿಯುವುದೂ ನಿಲ್ಲಬೇಕು ಎಂಬ ನಿರ್ಣಯ ಅದೇ ಚಾಪೆಗಳ ಮೇಲೆ ಆಯಿತು. ಊಟ ಆಮೇಲೆಯೇ ಬಂತು.

ಹಾಗಾದರೆ ಕಸ ಎಲ್ಲಿಗೆ ಹೋಗಬೇಕು? ಊರಾಚೆ ಗುಡ್ಡದ ಬುಡದಲ್ಲಿ ಗೊಬ್ಬರ ಮಾಡುವ ಘಟಕವೊಂದನ್ನು ಕಟ್ಟಿಯಾಗಿತ್ತು. ಶೆಡ್ಡು, ಕಟ್ಟೆ, ಗೇಟು ಎಲ್ಲ ಇದ್ದು ಬೀಗ ಬಿದ್ದಿತ್ತು. ಪಕ್ಕದ ಹಳ್ಳಿಯವರು ಮೊದಲ ದಿನವೇ ರಸ್ತೆಗೆ ಅಡ್ಡ ಕುಳಿತು ಗಾಡಿಗಳನ್ನು ವಾಪಸು ಕಳಿಸಿದ್ದರು. ನಮ್ಮ ಪರಿಸರ ಇಂಜಿನಿಯರ್ ವಯಸ್ಸಿನಲ್ಲಿ ಕಿರಿಯ, ಸಂಕೋಚದ ಮನುಷ್ಯ. ಕೆಲಸ ಚೆನ್ನಾಗಿ ಬಲ್ಲವರು. ಹಸಿ ಕಸ ಬೇರೆ, ಒಣ ಕಸ ಬೇರೆ ಬಂದರೆ ವಾಸನೆಯಿಲ್ಲದೆ ಗೊಬ್ಬರ ಮಾಡಬಹುದು ಎಂದು ಅವರು ಹೇಳುತ್ತಲೇ ಇದ್ದರು, ಅವರ ಸಣ್ಣ ದನಿ ಸಭೆಯಲ್ಲಿ ಯಾರಿಗೂ ಕೇಳಿಸುತ್ತಿರಲಿಲ್ಲ. ಆಕೆ ಅವರನ್ನು ಖಾನಾವಳಿಗೆ ಕರೆದು ಉಣ್ಣಿಸಿ, ಎಲ್ಲವನ್ನೂ ಬಿಡಿಸಿ ಬಿಡಿಸಿ ಕೇಳಿದರು. ಕೊನೆಗೆ ಹೇಳಿದ್ದು ಇಷ್ಟೇ: "ವಿದ್ಯಾ ನಿಮ್ದು, ಬಾಯಿ ನಂದು. ನಡೀರಿ ಸಾಹೇಬ್ರ, ಆ ಹಳ್ಳಿಗೆ ಹೋಗಿ ಬರೋಣು."

ನಾನೂ ಹೋಗಿದ್ದೆ. ಹಳ್ಳಿಯ ಕಟ್ಟೆಯ ಮೇಲೆ ಗಂಡಸರು ಕುಳಿತಿದ್ದರು, ಬೇವಿನ ಗಿಡದ ಕೆಳಗೆ ಹೆಂಗಸರು. ಮಾತಾಡಿದ್ದು ಹೆಂಗಸರ ಕಡೆಯಿಂದ ಹುಲಿಗೆಮ್ಮ ಎಂಬ ಮುದುಕಿ. ಕುರಿ ಕಾಯುವ ಮನೆತನ, ಊರೇ ಅವಳ ಮಾತಿಗೆ ತಲೆ ಬಾಗುತ್ತಿತ್ತು.

"ನಿಮ್ಮೂರ ಹೊಲಸು ನಮ್ಮೂರಿಗ್ಯಾಕ ಬೇ? ನೀವು ಉಂಡು ಒಗೀತೀರಿ, ನಾವು ಮೂಸಬೇಕೇನು? ನಮ್ಮ ಕುರಿ ಆ ಪಿಲಾಸ್ಟಿಕ್ ತಿಂದು ಸಾಯಬೇಕೇನು?"

ಇಂಜಿನಿಯರ್ ಬಾಯಿ ತೆರೆದರು. ಆಕೆ ಅವರ ತೋಳು ಮುಟ್ಟಿ ತಡೆದು, ಹೋಗಿ ಹುಲಿಗೆಮ್ಮನ ಪಕ್ಕ ನೆಲದ ಮೇಲೆಯೇ ಕುಳಿತರು.

"ನೀ ಹೇಳಿದ್ದು ಖರೇ ಐತಿ ಯವ್ವಾ. ನಾ ನಿನ್ನ ಜಾಗಾದಾಗ ಇದ್ದಿದ್ರ ಗಾಡಿ ಹೊಳ್ಳಿಸಿ ಕಳಸ್ತಿರಲಿಲ್ಲ, ಗಾಲಿ ಬಿಚ್ಚಿ ಇಟ್ಕೋತಿದ್ದೆ."

ಕಟ್ಟೆಯ ಮೇಲೆ ಯಾರೋ ನಕ್ಕರು. ಹುಲಿಗೆಮ್ಮ ನಗಲಿಲ್ಲ.

"ಪಿಲಾಸ್ಟಿಕ್ ಬರೂದಿಲ್ಲ," ಎಂದರು ಆಕೆ. "ಕಾಯಿಪಲ್ಯದ ಸಿಪ್ಪಿ, ಉಳದ ಅನ್ನ, ಹೂವು, ಎಲಿ ಅಷ್ಟ. ಗೊಬ್ಬರ ಆದಮ್ಯಾಲ ಮೊದ್ಲ ನಿಮ್ಮೂರ ಹೊಲಕ್ಕ. ಉಳದ್ರ ಉಳದವ್ರಿಗೆ."

"ಬಂದ್ರ?"

"ಏನು?"

"ಪಿಲಾಸ್ಟಿಕ್ ಬಂದ್ರ ಏನ್ ಮಾಡೂದು? ನಿನ್ನ ಎಲ್ಲಿ ಹುಡುಕೂದು?"

"ಬಸ್ ಸ್ಟ್ಯಾಂಡಿನ ಹಿಂದ ನನ್ನ ಖಾನಾವಳಿ ಐತಿ. ಆ ಗಾಡಿ ಹಂಗ ತಂದು ನನ್ನ ಬಾಗಲ ಮುಂದ ಸುರಿ. ನಾ ಒಂದು ಮಾತ ಅಂದ್ರ ಕೇಳು."

ಹುಲಿಗೆಮ್ಮ ಕಟ್ಟೆಯ ಕಡೆ ತಿರುಗಿ, "ಒಂದ್ಸಲ ಬಿಟ್ಟು ನೋಡ್ರಿ" ಎಂದಳು.

ದಾರಿಯಲ್ಲಿ ಇಂಜಿನಿಯರ್ ಗಾಬರಿಯಾಗಿದ್ದರು. "ಅಕ್ಕಾರ, ಊರ ಮಂದಿ ಇನ್ನೂ ಕಸ ಬ್ಯಾರೆ ಮಾಡೂದ ಕಲ್ತಿಲ್ರಿ. ನೀವು ಮಾತು ಕೊಟ್ಟು ಬಂದ್ರಿ!"

"ಕಲೀತಾರ," ಎಂದರು ಆಕೆ. "ಕಲೀದಿದ್ರ ನನ್ನ ಬಾಗಲು ಐತೆಲ್ಲ."

ಮನೆಮನೆಗೆ ಹಸಿರು, ನೀಲಿ ಬಕೆಟ್ ಹಂಚಿದ್ದೆವು. ಜನ ಹಸಿರಿನಲ್ಲಿ ಸ್ನಾನದ ನೀರು ತುಂಬಿದ್ದರು, ನೀಲಿಯಲ್ಲಿ ಜೋಳ. ಆಕೆ ಮುಂಜಾನೆ ಕಸದ ಗಾಡಿಯ ಮುಂದಿನ ಸೀಟಿನಲ್ಲಿ ಕುಳಿತು ಹೊರಟರು. ಗಾಡಿಯ ಹಾಡು ನಿಲ್ಲಿಸಿ ಮೈಕು ತಾವೇ ಹಿಡಿದರು. ಓಣಿಯೆಲ್ಲ ಕೇಳುವಂತೆ, "ಮೂಲಿಮನಿ ಅಕ್ಕಾರ, ನಿಮ್ಮ ಬಕೆಟ್ ಜಳಕಾ ಮಾಡಾಕತ್ತೈತೇನು? ಹೊರಗ ತರ್ರಿ! ಮಾಸ್ತರ್ರ, ಬ್ಲೇಡು ಹಸಿ ಕಸದಾಗ ಹಾಕಿದ್ರ ಪೌರಕಾರ್ಮಿಕರ ಕೈ ಕೊಯ್ತೈತಿ, ನೀವ ಸಾಲ್ಯಾಗ ಕಲಸ್ತೀರಲ್ಲ?" ಎಂದು ಸಾರುತ್ತಿದ್ದರು. ಮೊದಮೊದಲು ಜನ ನಾಚಿಕೆಗೆ ಬೇರ್ಪಡಿಸಿದರು. ಆಮೇಲೆ ಮೈಕಿನಲ್ಲಿ ಹೊಗಳಿಸಿಕೊಳ್ಳಲು ಬೇರ್ಪಡಿಸಿದರು, ಏಕೆಂದರೆ ಚೆನ್ನಾಗಿ ಮಾಡಿದವರನ್ನು ಆಕೆ ಅಷ್ಟೇ ಜೋರಾಗಿ ಹೊಗಳುತ್ತಿದ್ದರು. ತಾವು ಹೊಗಳಿಕೆ ಪ್ರಿಯರಲ್ಲವೆ, ಅದರ ರುಚಿ ಅವರಿಗೆ ಗೊತ್ತಿತ್ತು.

ಮೊದಲ ಗಾಡಿ ಗುಡ್ಡದ ಘಟಕಕ್ಕೆ ಹೋದ ದಿನ ಹುಲಿಗೆಮ್ಮ ಕೋಲಿನಿಂದ ಕೆದಕಿ ನೋಡಿ ಒಳಗೆ ಬಿಟ್ಟಳು. ಮರುದಿನವೂ ಬಿಟ್ಟಳು. ಹಾಗೆ ಸುಸೂತ್ರವಾಗಿ ನಡೆದಿತ್ತು, ಮದುವೆಯ ಹಂಗಾಮು ಬರುವವರೆಗೆ.

ನಮ್ಮ ಇನ್ನೊಬ್ಬ ಸದಸ್ಯರು ಪಂಪಣ್ಣನವರು. ಊರಿನ ದೊಡ್ಡ ಕಲ್ಯಾಣ ಮಂಟಪ ಅವರದು. ಸಭೆಯಲ್ಲಿ ಆಕೆಯ ಮಾತಿಗೆ ಸದಾ ಎದುರು. ಒಂದು ದೊಡ್ಡ ಮದುವೆಯ ಮರುದಿನ ಅವರ ಮಂಟಪದ ಕಸವನ್ನು ಬೇರ್ಪಡಿಸದೆಯೇ ಟ್ರ್ಯಾಕ್ಟರಿಗೆ ತುಂಬಿ ಗುಡ್ಡದ ಕಡೆ ಅಟ್ಟಿದರು. ಎಲೆಯ ಜೊತೆಗೆ ಪ್ಲಾಸ್ಟಿಕ್ ಲೋಟ, ನೀರಿನ ಬಾಟಲಿ, ಥರ್ಮೋಕೋಲಿನ ಅಲಂಕಾರ ಎಲ್ಲ ಒಂದೇ ಮುದ್ದೆ. ಹಳ್ಳಿಯವರು ರಸ್ತೆಯಲ್ಲೇ ತಡೆದರು.

ಅದು ಮಧ್ಯಾಹ್ನದ ಊಟದ ಹೊತ್ತು. ನಾನು ಖಾನಾವಳಿಯಲ್ಲಿ ರೊಟ್ಟಿ ಮುರಿಯುತ್ತಿದ್ದೆ. ಹೊರಗೆ ಟ್ರ್ಯಾಕ್ಟರಿನ ಸದ್ದು, ಹಿಂದೆಯೇ ಜನರ ಗದ್ದಲ. ಹುಲಿಗೆಮ್ಮ ಮುಂದೆ ನಿಂತಿದ್ದಳು. ಟ್ರಾಲಿ ಮೇಲೆದ್ದಿತು. ಮದುವೆಯ ಕಸವೆಲ್ಲ ಖಾನಾವಳಿಯ ಬಾಗಿಲಿಗೆ ದಬದಬ ಬಿತ್ತು. ಹಳಸಿದ ಸಾಂಬಾರಿನ ವಾಸನೆ ಒಳಗೆ ನುಗ್ಗಿತು. ಉಣ್ಣುತ್ತಿದ್ದವರು ತಟ್ಟೆ ಬಿಟ್ಟು ಎದ್ದರು.

ಒಲೆಯ ಮುಂದಿನಿಂದ ಆಕೆ ಎದ್ದು ಬಂದರು. ಮೊಣಕೈವರೆಗೆ ಜೋಳದ ಹಿಟ್ಟು. ಈಗ ಆಗುತ್ತದೆ ಮಹಾಯುದ್ಧ ಎಂದು ನಾನು ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟೆ.

"ಮಾತು ಕೊಟ್ಟಿದ್ದಿ," ಎಂದಳು ಹುಲಿಗೆಮ್ಮ.

"ಕೊಟ್ಟಿದ್ದೆ," ಎಂದರು ಆಕೆ. "ಛಲೋ ಮಾಡಿದಿ ಯವ್ವಾ, ತಂದಿ. ಬಿಸಲಾಗ ಬಂದೀರಿ, ಎಲ್ಲಾರೂ ಒಳಗ ಬರ್ರಿ, ನೀರು ಕುಡೀರಿ."

ಅಷ್ಟು ಹೇಳಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಸದ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತರು. ಎಲೆ ಒಂದು ಕಡೆ, ಬಾಟಲಿ ಒಂದು ಕಡೆ. ರೊಟ್ಟಿ ಬಡಿಯುವ ಕೈ ಎಷ್ಟು ಚುರುಕೋ ಅಷ್ಟೇ ಚುರುಕಾಗಿ ಆರಿಸತೊಡಗಿದರು. ರಸ್ತೆಯಲ್ಲಿ ಜನ ಸೇರಿತು. ಬಸ್ಸಿನವರು ಕಿಟಕಿಯಿಂದ ನೋಡಿದರು. ಯಾರನ್ನೂ ಕರೆಯಲಿಲ್ಲ, ಯಾರನ್ನೂ ಬೈಯಲಿಲ್ಲ. ಅವರು ಬೈಯದೆ ಇದ್ದದ್ದನ್ನು ಊರು ನೋಡಿದ್ದು ಅದೇ ಮೊದಲು.

ಮೊದಲು ಕುಳಿತವರು ಪೌರಕಾರ್ಮಿಕ ಹೆಂಗಸರು. "ಅಕ್ಕಾ, ನೀ ಏಳು, ನಾವು ಮಾಡ್ತೀವಿ" ಎಂದರು. "ನೀವು ದಿನಾ ಮಾಡ್ತೀರಿ. ಇವತ್ತ ನಿಮಗ ಸೂಟಿ" ಎಂದು ಅವರನ್ನು ನೆರಳಿಗೆ ಕೂಡಿಸಿದರು. ಆಮೇಲೆ ಇಂಜಿನಿಯರ್ ಅಂಗಿಯ ತೋಳು ಮಡಚಿ ಕುಳಿತರು. ನಾನು ಕುಳಿತೆ. ಎದುರಿನ ಸೈಕಲ್ ಅಂಗಡಿಯವರು, ಮೂಲಿಮನಿ ಅಕ್ಕ, ಮೈಕಿನಲ್ಲಿ ಬೈಸಿಕೊಂಡಿದ್ದ ಮಾಸ್ತರರು, ಒಬ್ಬೊಬ್ಬರೇ ಬಂದರು.

ಪಂಪಣ್ಣನವರ ಕಾರು ಬಂದು ದೂರದಲ್ಲಿ ನಿಂತಿತು. ಇಸ್ತ್ರಿ ಮಾಡಿದ ಬಟ್ಟೆ. ಸ್ವಲ್ಪ ಹೊತ್ತು ಬಾಗಿಲು ತೆರೆಯಲಿಲ್ಲ. ಕೊನೆಗೆ ಇಳಿದು ಬಂದು ರಾಶಿಯ ಮುಂದೆ ನಿಂತರು.

"ಏಳ್ರಿ ಅಕ್ಕಾರ. ನಮ್ಮ ಮಂಟಪದ ಕಸ ಇದು. ನಮ್ಮ ಹುಡುಗರನ್ನ ಕಳಸ್ತೀನಿ."

ಆಕೆ ತಲೆ ಎತ್ತಲಿಲ್ಲ. "ಹುಡುಗರು ಮಾತು ಕೊಟ್ಟಿದ್ದಿಲ್ಲ ಪಂಪಣ್ಣಾರ. ಸಭಾದಾಗ ನಾವು ಮೆಂಬರ್ ಮಂದಿ ಕೈ ಎತ್ತೀವಿ. ಆ ಕೈ ಇಲ್ಲಿ ಬರಲಿ."

ಪಂಪಣ್ಣನವರು ಅತ್ತಿತ್ತ ನೋಡಿದರು. ಊರೆಲ್ಲ ನೋಡುತ್ತಿತ್ತು. ವಾಚು ಬಿಚ್ಚಿ ಜೇಬಿಗೆ ಹಾಕಿಕೊಂಡರು. ಪಂಚೆ ಮೇಲೆ ಕಟ್ಟಿ ಆಕೆಯ ಎದುರಿಗೆ ಕುಳಿತರು. ಮೊದಲ ಬಾಟಲಿಯನ್ನು ಎರಡು ಬೆರಳಿನಲ್ಲಿ ಎತ್ತಿದರು, ಆಮೇಲಾಮೇಲೆ ಕೈ ತುಂಬ ಎತ್ತಿದರು. ಬಿಸಿಲು ಇಳಿಯುವ ಹೊತ್ತಿಗೆ ಬಾಗಿಲು ಚೊಕ್ಕಟವಾಗಿತ್ತು. ಖಾನಾವಳಿಯ ನೆಲ ತೊಳೆದರು. ಒಲೆ ಮತ್ತೆ ಹೊತ್ತಿತು. ಹಳ್ಳಿಯವರು, ಪಂಪಣ್ಣನವರು, ಪೌರಕಾರ್ಮಿಕರು ಎಲ್ಲ ಒಂದೇ ಸಾಲಿನಲ್ಲಿ ಕುಳಿತು ರೊಟ್ಟಿ ಉಂಡರು. ಹುಲಿಗೆಮ್ಮ ಪಲ್ಯಕ್ಕೆ ಉಪ್ಪು ಕಡಿಮೆ ಎಂದಳು. ಆಗ ಮಾತ್ರ ಖಾನಾವಳಿ ಅಕ್ಕ ಹಳೆಯ ದನಿಯಲ್ಲಿ ಒಂದು ಸಣ್ಣ ಜಗಳ ತೆಗೆದರು.

ಮುಂದಿನ ಸಭೆಯಲ್ಲಿ ಒಂದು ಠರಾವು ಬಂತು. ಮಂಟಪ, ಹೋಟೆಲು, ಸಂತೆ, ಎಲ್ಲಿಂದ ಕಸ ಬಂದರೂ ಬೇರ್ಪಡಿಸದೆ ಗಾಡಿಗೆ ಹಾಕುವಂತಿಲ್ಲ. ಮಂಡಿಸಿದವರು ಪಂಪಣ್ಣನವರು. ಅನುಮೋದಿಸಿದವರು ಆಕೆ. ಇಬ್ಬರ ಹೆಸರನ್ನೂ ಅಕ್ಕಪಕ್ಕ ಬರೆಯುವಾಗ ನನ್ನ ಅಕ್ಷರ ಎಂದೂ ಇಲ್ಲದಷ್ಟು ದುಂಡಾಗಿ ಬಂತು.

ಆಮೇಲಿನದು ಗೆಲುವಿನ ಕಾಲ. ಗುಡ್ಡದ ಶೆಡ್ಡಿನಲ್ಲಿ ಗೊಬ್ಬರ ಮಾಗಿತು. ಕಪ್ಪಗೆ, ಪುಡಿಪುಡಿಯಾಗಿ, ಮೊದಲ ಮಳೆಯ ಮಣ್ಣಿನ ವಾಸನೆ. ಮಾತಿನಂತೆ ಮೊದಲ ಗಾಡಿ ಹುಲಿಗೆಮ್ಮನ ಹೊಲಕ್ಕೆ ಹೋಯಿತು. ಮರುವರ್ಷ ಕುಷ್ಟಗಿ ಕಡೆಯ ದಾಳಿಂಬೆ ತೋಟದವರು ಟ್ರ್ಯಾಕ್ಟರು ತಂದು ಪಾಳಿ ಹಚ್ಚಿದರು. ಹಿಂದೆ ಗಾಡಿ ಬರಬಾರದೆಂದು ಅಡ್ಡ ಕುಳಿತ ರಸ್ತೆಯಲ್ಲಿಯೇ ಈಗ ಗೊಬ್ಬರಕ್ಕೆ ನಿಂತ ಗಾಡಿಗಳ ಸಾಲು. ನೋಡಲು ಬೇರೆ ಊರುಗಳ ಪುರಸಭೆಯವರು ಬರತೊಡಗಿದರು. ಆಕೆ ರೇಷ್ಮೆ ಸೀರೆ ಉಟ್ಟು ತೋರಿಸುತ್ತಿದ್ದರು. ತಾಂತ್ರಿಕ ಪ್ರಶ್ನೆ ಬಂದರೆ ಇಂಜಿನಿಯರನ್ನು ಮುಂದೆ ನೂಕಿ, "ಜೋರ ಹೇಳ್ರಿ ಸಾಹೇಬ್ರ, ಹಿಂದಿನವ್ರಿಗೆ ಕೇಳಸಬೇಕು" ಎನ್ನುತ್ತಿದ್ದರು. ಆ ಸಂಕೋಚದ ಮನುಷ್ಯನ ದನಿ ಈಗ ಸಭೆಯ ಕೊನೆಯ ಸಾಲಿಗೂ ಮುಟ್ಟುತ್ತದೆ.

ಹಳ್ಳವನ್ನು ಅಗೆಸಿ, ಹಳೆಯ ಕಸ ತೆಗೆಸಿ, ದಂಡೆಗೆ ಹೊಂಗೆ, ಬೇವು ಹಚ್ಚಿಸಿದರು. ಮಳೆ ಬಂದ ದಿನ ಅಂಗನವಾಡಿಯ ಮಕ್ಕಳು ಹೊರಗೆ ನಿಂತು ಹಳ್ಳದ ನೀರು ನೋಡುತ್ತಿದ್ದವು. ನೀರು ಕೆಂಪಾಗಿತ್ತು, ಅದು ಮಣ್ಣಿನ ಕೆಂಪು. ಆಕೆ ಛತ್ರಿಯಿಲ್ಲದೆ ಸೇತುವೆಯ ಮೇಲೆ ನಿಂತಿದ್ದರು. ನನ್ನನ್ನು ಕಂಡು, "ನೋಡ್ ತಮ್ಮಾ, ಹಳ್ಳ ಐತಿ ಅಂತ ಮರ್ತ ಬಿಟ್ಟಿದ್ವಿ" ಎಂದರು.

ಈಗ ಕೌನ್ಸಿಲಿನ ಅವಧಿ ಮುಗಿದು ಆಡಳಿತಾಧಿಕಾರಿಗಳು ಬಂದಿದ್ದಾರೆ. ಆಕೆ ಪೂರ್ತಿ ಖಾನಾವಳಿಗೆ ಮರಳಿದ್ದಾರೆ. ಸಭಾಂಗಣದಲ್ಲಿ ಈಗ ಬಹಳ ಶಾಂತಿ, ನನಗೆ ಅದು ಒಗ್ಗುತ್ತಿಲ್ಲ. ಗಾಡಿಗಳು ಮಾತ್ರ ದಿನಾ ಹೊರಡುತ್ತಿವೆ, ಹಸಿ ಬೇರೆ, ಒಣ ಬೇರೆ. ಅವರಿಲ್ಲದೆಯೂ ನಡೆಯುತ್ತಿರುವುದೇ ಅವರ ನಿಜವಾದ ಗೆಲುವು ಎಂದು ಒಮ್ಮೆ ಹೇಳಿದೆ. "ಹಂಗಂದ್ರ ನಾ ಇಲ್ಲದಿದ್ರೂ ನಡೀತೈತಿ ಅಂತೀಯೇನು?" ಎಂದು ಮುಖ ಊದಿಸಿಕೊಂಡರು. ಆಮೇಲೆ ಎರಡು ರೊಟ್ಟಿ ಹೆಚ್ಚಿಗೆ ಬಡಿಸಿದರು.

ಅವಧಿ ಮುಗಿದ ವಾರದಲ್ಲಿ ಗುಡ್ಡದ ಹಳ್ಳಿಯಿಂದ ಕರೆ ಬಂತು. ಇಂಜಿನಿಯರ್, ನಾನು, ಪಂಪಣ್ಣನವರು ಜೊತೆಗೆ ಹೋದೆವು. ಶಾಲು, ಹಾರ, ಭಾಷಣ ಇರಬಹುದೆಂದುಕೊಂಡಿದ್ದೆವು. ಆಕೆಯೂ ಹಾಗೆಯೇ ತಿಳಿದು ರೇಷ್ಮೆ ಉಟ್ಟು ಬಂದಿದ್ದರು. ಬೇವಿನ ಗಿಡದ ಕೆಳಗೆ ಕಂಬಳಿ ಹಾಸಿದ್ದರು. ಹುಲಿಗೆಮ್ಮ ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಅರಿಶಿನಕೊಂಬು, ಕುಬಸದ ಖಣ ಇಟ್ಟುಕೊಂಡು ನಿಂತಿದ್ದಳು. ತವರಿಗೆ ಬಂದ ಮಗಳಿಗೆ ಉಡಿ ತುಂಬುವ ಸಾಮಾನು.

ಆಕೆ ಹಿಂದೆ ಸರಿದರು.

"ಯವ್ವಾ, ಬ್ಯಾಡ. ನಾ ಗಂಡ ಇಲ್ಲದಾಕಿ. ನನಗ ಇದು ಸಲ್ಲೂದಿಲ್ಲ."

ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಎಂದೂ ಕೇಳಿರಲಿಲ್ಲ. ಹುಲಿಗೆಮ್ಮ ಮೊರ ಇಳಿಸಲಿಲ್ಲ.

"ತವರುಮನ್ಯಾಗ ಮಗಳಿಗೆ ಹಂಗ ಕೇಳೂದಿಲ್ಲ ಬೇ. ಈ ಊರು ನಿನಗ ತವರು ಅಂತ ನಾವಂದೀವಿ. ಸೆರಗ ಹಿಡಿ."

ಆಕೆ ಸೆರಗು ಹಿಡಿದರು. ಅಕ್ಕಿ ಬಿತ್ತು, ಕಾಯಿ ಬಿತ್ತು, ಊರ ಹೆಂಗಸರೆಲ್ಲ ಒಬ್ಬರಾದ ಮೇಲೊಬ್ಬರು ಬಂದು ಒಂದೊಂದು ಹಿಡಿ ಹಾಕಿದರು. ಉಡಿ ಭಾರವಾಗಿ ಜಗ್ಗಿತು. ಏನಾದರೂ ಮಾತಾಡಿ ಎಂದು ಕಟ್ಟೆಯ ಮೇಲಿನವರು ಕೂಗಿದರು. ಆಕೆ ತಲೆ ಅಲ್ಲಾಡಿಸಿ ನಕ್ಕುಬಿಟ್ಟರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಹಲಗಿ ಶುರುವಾಯಿತು. ಗಂಡಸರು ಬಾರಿಸುತ್ತ ಮುಂದೆ ನಡೆದರು, ಹೆಂಗಸರು ಸುತ್ತುವರಿದರು. ತುಂಬಿದ ಉಡಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ತಲೆ ಎತ್ತಿ, ಆ ಸುಡುಬಿಸಿಲಲ್ಲಿ ಆಕೆ ಊರ ನಟ್ಟನಡುವಿನ ದಾರಿಯಲ್ಲಿ ನಡೆದು ಬಂದರು.